ಬೆಲ್ಲದ ಬೆಸುಗೆ

ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ನಾಲ್ಕು ಮಿಲಿಟರಿ ಲಾರಿಗಳು ಒಂದರ ಹಿಂದೊಂದು ಬಂದು ಮಂಡಿ ಮೊಹಲ್ಲಾದ ನಮ್ಮ ಶೆಡ್ಡಿನ ಮುಂದೆ ನಿಂತವು. ನಾಲ್ಕರ ಪೆಟ್ರೋಲ್ ಟ್ಯಾಂಕೂ ಸೋರುತ್ತಿದ್ದವು. ಕೊನೆಯ ಲಾರಿಯನ್ನು ಓಡಿಸಿಕೊಂಡು ಬಂದವನು ನನ್ನ ತಮ್ಮ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಲಾರಿಗಳು ಮಾತ್ರ ಯುದ್ಧಕಾಲದವೇ. ತಮ್ಮನ ದಳ ಊರ ಹೊರಗಿನ ಮೈದಾನದಲ್ಲಿ ಡೇರೆ ಹಾಕಿತ್ತು. ಬುಧವಾರ ಬೆಳಿಗ್ಗೆ ಆರಕ್ಕೆ ಹೊರಟು, ನಂಜನಗೂಡು, ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾಯ್ದು ನೀಲಗಿರಿ ಹತ್ತಬೇಕು. ಅವರದೇ ರಿಪೇರಿ ಗಾಡಿ ದಾರಿಯಲ್ಲಿ ಕೆಟ್ಟು ಹಿಂದೆ ಉಳಿದಿತ್ತು. ಹಾಗಾಗಿ ಕೆಲಸ ನಮ್ಮ ಮೇಸ್ತ್ರಿಯ ಪಾಲಿಗೆ ಬಂತು. ಶೆಡ್ಡು ಅವರದು, ಟ್ಯಾಂಕು ರೇಡಿಯೇಟರುಗಳ ಬೆಸುಗೆ ನನ್ನದು.

ಜೀಪಿನಲ್ಲಿ ಬಂದ ಸುಬೇದಾರರು ಕೊಡಗಿನ ಕಡೆಯವರು. ಹೆಚ್ಚು ಮಾತಿಲ್ಲದ ಮನುಷ್ಯ. "ನಾಳೆ ಸಂಜೆಗೆ ನಾಲ್ಕೂ ಬೇಕು. ಆಗುತ್ತದಾ?" ಎಂದರು.

"ಆಗ್ದೆ ಏನು ಸ್ವಾಮಿ. ಟ್ಯಾಂಕಿಗೆ ಇಡೀ ಮೈಸೂರಲ್ಲಿ ಇವನ ಕೈಯೇ ಕೈ" ಎಂದು ಮೇಸ್ತ್ರಿ ನನ್ನ ಬೆನ್ನು ತಟ್ಟಿದರು.

"ನಮ್ಮಣ್ಣ ಸಾರ್" ಎಂದ ತಮ್ಮ. ಹಾಗೆ ಹೇಳುವಾಗ ಅವನ ಎದೆ ಸ್ವಲ್ಪ ಮುಂದೆ ಬಂದದ್ದು ನನಗೆ ಈಗಲೂ ಕಾಣುತ್ತದೆ.

ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕುವುದಕ್ಕೆ ಒಂದು ಕ್ರಮವಿದೆ. ಮೊದಲು ಟ್ಯಾಂಕು ಬಿಚ್ಚಿ ಪೆಟ್ರೋಲನ್ನು ಕೊನೆಯ ತೊಟ್ಟಿನವರೆಗೆ ಬಸಿಯಬೇಕು. ವಾಷಿಂಗ್ ಸೋಡಾ ಹಾಕಿದ ನೀರನ್ನು ಅದರೊಳಗೆ ತುಂಬಿ ಮೂರು ಸಲ ಕುದಿಸಿ ಚೆಲ್ಲಬೇಕು. ಬಾಯಿ ತೆರೆದು ಬಿಸಿಲಿಗಿಡಬೇಕು. ಮೂಗಿಟ್ಟು ನೋಡಿದರೆ ವಾಸನೆ ಇರಬಾರದು. ಆಮೇಲೆ ತೂತು ಮೇಲ್ಮುಖವಾಗಿ ಬರುವಂತೆ ಟ್ಯಾಂಕನ್ನು ಮಲಗಿಸಿ, ತೂತಿನ ಅಂಚಿಗೆ ಒಂದು ಬೆರಳು ಕೆಳಗಿನತನಕ ನೀರು ತುಂಬಬೇಕು. ಒಳಗೆ ಆವಿ ನಿಲ್ಲುವುದಕ್ಕೆ ಜಾಗವೇ ಇರಬಾರದು. ಅಷ್ಟಾದ ಮೇಲೆ ತಗಡನ್ನು ಹೊಳೆಯುವಷ್ಟು ಉಜ್ಜಿ, ತೇಜಾಬು, ಅಂದರೆ ಆಸಿಡ್ಡು, ಸವರಿ, ತಾಮ್ರದ ತಲೆಯ ಬೆಸುಗೆಕೋಲನ್ನು ದೂರದ ಇದ್ದಿಲ ಒಲೆಯಲ್ಲಿ ಕಾಯಿಸಿ ತಂದು ಸೀಸ ಕರಗಿಸಬೇಕು. ಒಬ್ಬನ ಕೈಯಲ್ಲಿ ಒಂದು ಟ್ಯಾಂಕಿಗೆ ಮುಕ್ಕಾಲು ದಿನ ಬೇಕು. ತಮ್ಮ ಮಿಲಿಟರಿ ಸೇರುವ ಮುಂಚೆ ನಾನು ಬೆಸುಗೆ ಹಾಕುವಾಗ ಟ್ಯಾಂಕು ಅಲುಗದಂತೆ ಹಿಡಿಯುತ್ತಿದ್ದವನು ಅವನೇ.

ಅವನು ಮಿಲಿಟರಿಗೆ ಹೋದ ವರ್ಷವೇ ನನಗೆ ಕೆಲಸ ಕಲಿಸಿದ ಹಿರಿಯರು ಅವಸರದಲ್ಲಿ ಒಂದೇ ಸಲ ಕುದಿಸಿ, ನೀರು ತುಂಬದೆ ಕೋಲು ಇಟ್ಟರು. ಟ್ಯಾಂಕು ಖಾಲಿ ಇತ್ತು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಕೆಟ್ಟದ್ದು, ಒಳಗೆಲ್ಲ ಆವಿ. ಅದರ ಮುಚ್ಚಳ ಹೆಂಚು ಒಡೆದುಕೊಂಡು ಹೋಯಿತು. ಅವರ ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ನಾನು ಎರಡು ಮಾರು ದೂರದಲ್ಲಿ ತಿದಿ ಒತ್ತುತ್ತಿದ್ದೆ. ಅಲ್ಲಿಂದ ಮೂರು ವರ್ಷ ರೇಡಿಯೇಟರಿಗೆ ಬೆಸುಗೆ ಹಾಕಿದ್ದೆ, ಹಿತ್ತಾಳೆ ಕೊಡಕ್ಕೂ ಹಾಕಿದ್ದೆ. ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಒಂದು ಸಲವೂ ಹಾಕಿರಲಿಲ್ಲ. ಕೋಲು ಹಿಡಿದು ಹತ್ತಿರ ಹೋದರೆ ಮೊಣಕೈಯಿಂದ ಕೆಳಗೆ ಕೈ ನನ್ನದಲ್ಲ ಅನ್ನಿಸುತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಬಿಡಿಭಾಗ ಹುಡುಕಿಕೊಂಡು ದಿನವೆಲ್ಲ ಬೀದಿ ಸುತ್ತುತ್ತಿದ್ದರು. ಟ್ಯಾಂಕುಗಳು ಸೋರದೆ ಹೋಗುತ್ತಿದ್ದವು. ಯಾರೂ ಕೇಳಲಿಲ್ಲ.

ನಾನು ಮಾಡುತ್ತಿದ್ದದ್ದು ಬೆಲ್ಲದ ಕೆಲಸ. ನಡುದಾರಿಯಲ್ಲಿ ಟ್ಯಾಂಕು ತೂತಾದರೆ ಊರು ಮುಟ್ಟುವತನಕ ಡ್ರೈವರುಗಳು ಸಾಬೂನೂ ಬೆಲ್ಲವೂ ಕಲಸಿ ಮೆತ್ತುತ್ತಾರೆ. ಬೆಲ್ಲ ನೀರಿಗೆ ಕರಗುತ್ತದೆ, ಪೆಟ್ರೋಲಿಗೆ ಕರಗುವುದಿಲ್ಲ. ನಾನು ಅದಕ್ಕೆ ಬೆಂದ ಸುಣ್ಣ ಸೇರಿಸಿ, ಕಲ್ಲಿನ ಮೇಲೆ ಬೆಣ್ಣೆಯ ಹದಕ್ಕೆ ಅರೆದು, ಹಳೆಯ ಪಂಚೆಯ ತುಂಡಿಗೆ ಹಚ್ಚಿ ಮೂರು ಪದರ ಕೂರಿಸುತ್ತಿದ್ದೆ. ಒಣಗಿದ ಮೇಲೆ ಉಜ್ಜುಕಾಗದ ಹಿಡಿದು, ನೀರು ತಾಗದಂತೆ ಮೇಲೆ ಬಣ್ಣ ಬಳಿದರೆ ಕಲ್ಲಿನಂತಾಗುತ್ತಿತ್ತು. ನಾಲ್ಕೈದು ತಿಂಗಳು ತಡೆಯುತ್ತಿತ್ತು. ಇದಕ್ಕೆ ಬೆಂಕಿ ಬೇಕಿಲ್ಲ.

ಮಂಗಳವಾರ ಬೆಳಿಗ್ಗೆ ಬೆಲ್ಲ ಅರೆಯುತ್ತಿದ್ದಾಗ, ದಿನಾ ಸೊಪ್ಪಿಗೆ ಹೋಗುವ ಮುದುಕಿ ಆನೆ ಬೀದಿಯಲ್ಲಿ ಬಂತು. ನಮ್ಮ ಬಾಗಿಲಿಗೆ ಬಂದಾಗ ಅದು ತಾನೇ ನಿಂತು ಸೊಂಡಿಲು ಒಳಗೆ ಚಾಚಿ ಅರೆಯುವ ಕಲ್ಲನ್ನು ಸವರಿಕೊಂಡು ಹೋಗುವುದು ರೂಢಿಯಾಗಿತ್ತು. ಮಾವುತ ಮೇಲಿಂದಲೇ, "ನಿಮ್ ಕಲ್ಲು ತೊಳ್ಯೋ ಕೆಲ್ಸಕ್ಕೆ ಇವಳಿಗೆ ಸಂಬ್ಳ ಕೊಡ್ಬೇಕು ಕಣ್ರೀ" ಎಂದ. ನಾನೂ ನಕ್ಕೆ. ಇದನ್ನು ಬರೆಯಲೇಬೇಕು. ಆನೆಗೆ ನನ್ನ ಬೆಸುಗೆ ಎಷ್ಟು ಇಷ್ಟ ಎಂಬುದನ್ನು ನಾನು ಆ ಬೆಳಿಗ್ಗೆಯೂ ಕಣ್ಣಾರೆ ನೋಡಿದ್ದೆ.

ತಮ್ಮ ಬಂದು ಡ್ರಮ್ಮಿನ ಮೇಲೆ ಕೂತ. ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿ. ಅವನು ರಜೆಗೆ ಬಂದರೆ ಅರ್ಧ ಬೀದಿ ನಮ್ಮ ಜಗಲಿಯ ಮೇಲೆ ಇರುತ್ತಿತ್ತು. ಅಷ್ಟು ಕತೆ ಹೇಳುತ್ತಿದ್ದ. ಅವತ್ತು ಶೆಡ್ಡಿನವರೆಲ್ಲ ಸುತ್ತ ನಿಂತರು.

"ಈ ಕಾಡಲ್ಲಿ ನವಿಲು ಐತಲ್ಲ, ಅದಕ್ಕೆ ನಮ್ ಕ್ಯಾಪ್ಟನ್ ಜೀಪು ಅಂದ್ರೆ ಆಗಲ್ಲ" ಎಂದು ಶುರು ಮಾಡಿದ. "ಪಾಲಿಶ್ ಮಾಡಿದ್ ಲೈಟಲ್ಲಿ ಇನ್ನೊಂದು ನವಿಲು ಕಾಣ್ತದಲ್ಲ. ಕುಕ್ಕಿ ಕುಕ್ಕಿ ಗಾಜೇ ಒಡ್ದಾಕ್ಬುಡ್ತು. ಹೊಸಾ ಗಾಜು ಹಾಕುದ್ರೆ ಅದನ್ನೂ ಒಡೀತು. ಕೊನೆಗೆ ಸುಬೇದಾರ್ರು, ಲೈಟಿಗೆ ಕೆಸ್ರು ಮೆತ್ತೋ ಅಂದ್ರು. ಮೆತ್ತಿದೆ. ಸಾಯಂಕಾಲ ಕ್ಯಾಪ್ಟನ್ ಬಂದು ನೋಡಿ, ಗಾಡಿ ಗಲೀಜು ಇಟ್ಟಿದ್ದಕ್ಕೆ ನಂಗೇ ಮೂರು ದಿನ ಪಹರೆ ಹಾಕುದ್ರು."

"ನವಿಲಿಗೆ?" ಎಂದು ಯಾರೋ ಕೇಳಿದರು.

"ಅದಕ್ಕೇನು, ಅದು ನಮ್ ರೆಜಿಮೆಂಟಲ್ಲ."

ಇನ್ನೊಂದು ಕರಡಿಯ ಕತೆ. ಅದು ರೇಷನ್ ಲಾರಿಗೆ ಹತ್ತಿ, ಡಬ್ಬಿ ಹಾಲನ್ನೆಲ್ಲ ನೆಕ್ಕಿ, ಕಂಬಳಿಗಳ ನಡುವೆ ನಿದ್ದೆ ಹೋಯಿತಂತೆ. ಬೆಳಗಿನ ಜಾವ ಹವಾಲ್ದಾರರು ಯಾರೋ ಸೋಮಾರಿ ಸಿಪಾಯಿ ಮಲಗಿದ್ದಾನೆಂದು ಬೂಟುಗಾಲಲ್ಲಿ ಒದ್ದು, "ನಂಬರ್ ಹೇಳು" ಎಂದರಂತೆ. "ಅದು ಹೇಳ್ತು. ಹವಾಲ್ದಾರ್ರು ಆಸ್ಪತ್ರೆಗೇನೂ ಹೋಗ್ಲಿಲ್ಲ, ಆದ್ರೆ ಒಂದ್ ತಿಂಗ್ಳು ಯಾರ್ನೂ ಒದೀಲಿಲ್ಲ." ಮತ್ತೆ ಕಾಟಿಯ, ಅಂದರೆ ಕಾಡುಕೋಣದ, ಕತೆ. ಅದು ಸಾಲಿನ ಮೊದಲ ಲಾರಿಯ ಬಂಪರಿಗೆ ಬೆನ್ನು ಉಜ್ಜಿಕೊಳ್ಳುತ್ತ ಅರ್ಧ ಗಂಟೆ ನಿಂತಿತು. ಹಿಂದೆ ಮೂವತ್ತು ಗಾಡಿ. ಅವತ್ತಿನ ಲಾಗ್‌ಬುಕ್ಕಿನಲ್ಲಿ ಬರೆದದ್ದು, "ಎಂಜಿನ್ ತೊಂದರೆ, ಅರ್ಧ ಗಂಟೆ." "ಮಿಲಿಟರಿ ಲಾಗ್‌ಬುಕ್ಕಲ್ಲಿ ಪ್ರಾಣಿಗೆ ಕಾಲಮ್ಮೇ ಇಲ್ಲ ಕಣ್ರೋ. ಏನಾದ್ರೂ ಎಂಜಿನ್ ತೊಂದರೆ."

ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಯಾವುದು ನಡೆದದ್ದು, ಯಾವುದು ಇವನು ಸೇರಿಸಿದ್ದು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ನಗುವಿನ ಗದ್ದಲದಲ್ಲಿ ನಾನು ಅವರಿಗೆ ಬೆನ್ನು ಹಾಕಿ ಮೆತ್ತುತ್ತಿದ್ದೆ.

ಅವನದೇ ಲಾರಿ ಉಳಿದಾಗ ಮಧ್ಯಾಹ್ನವಾಗಿತ್ತು. ಡ್ರೈವರ್ ಬಾಗಿಲ ಕೆಳಗೆ ಹೊರಮೈಗೆ ಕೂತ ಟ್ಯಾಂಕು. ತಳದ ಅಂಚಿನಲ್ಲಿ ತುಕ್ಕು ತಿಂದು ಹೆಬ್ಬೆಟ್ಟಿನಷ್ಟು ಜಾಗ ಜರಡಿಯಾಗಿತ್ತು. ಇದೊಂದನ್ನಾದರೂ ಸರಿಯಾಗಿ ಮಾಡೋಣ ಎಂದು ಸೋಡಾ ನೀರಿಗೆ ಒಲೆಯನ್ನೂ ಹಚ್ಚಿದೆ. ನೀರು ಕುದಿಯಿತು. ನಾನು ಕೂತೇ ಇದ್ದೆ. ಎದ್ದು ಬೀದಿಗೆ ಹೋಗಿ ಬಂದೆ. ಮತ್ತೆ ಕೂತೆ. ಕೊನೆಗೆ ತಮ್ಮನನ್ನು ಕಾಫಿ ತರಲು ಕಳಿಸಿ, ಆ ನೀರನ್ನು ಚೆಲ್ಲಿ, ಕಲ್ಲಿನ ಮೇಲೆ ಉಳಿದಿದ್ದನ್ನು ಬಳಿದು ಮೆತ್ತಿದೆ. ಹೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೊತ್ತು ಇತ್ತು; ಹಿಡಿಯಲು ತಮ್ಮನಿದ್ದರೆ ಅರ್ಧ ದಿನ ಸಾಕು. ಮೇಲಿನ ಹಸಿರು ಬಣ್ಣ ಆರುವ ಮುಂಚೆಯೇ ಸುಬೇದಾರರು ಬಂದರು. ಅವರು ತಂದಿದ್ದ ರಿಪೇರಿ ಕಾರ್ಡಿನಲ್ಲಿ "ಬೆಸುಗೆ ಹಾಕಿದೆ" ಎಂದು ಮೇಸ್ತ್ರಿ ಬರೆದರು. ಕೆಳಗೆ ನಾನು ರುಜು ಮಾಡಿದೆ. ನಾನು ಓದಿದ್ದು ಮೂರನೆಯ ಕ್ಲಾಸು. ಆಗ ಬರೆಯುವುದರಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದದ್ದು ನನ್ನ ಹೆಸರೊಂದೇ.

ಗುರುವಾರ ಹತ್ತು ಗಂಟೆಗೆ ಒಂದು ಲಾರಿ ಇನ್ನೊಂದನ್ನು ಎಳೆದುಕೊಂಡು ನಮ್ಮ ಬಾಗಿಲಿಗೆ ಬಂತು. ಎಳೆಸಿಕೊಂಡು ಬಂದದ್ದು ತಮ್ಮನದು. ಅವನು ಅದರಲ್ಲಿ ಇರಲಿಲ್ಲ. ಮುಂದಿನ ಲಾರಿಯಲ್ಲಿ ಇಬ್ಬರು ಸಿಪಾಯಿಗಳ ನಡುವೆ ಕೂತಿದ್ದ. ಬೆಲ್ಟು ಬಿಚ್ಚಿಸಿದ್ದರು, ಟೋಪಿ ಇರಲಿಲ್ಲ.

ಸುಬೇದಾರರು ಇಳಿದು ನಡೆದದ್ದನ್ನು ಹೇಳಿದರು. ಬಂಡೀಪುರದ ಕಾಡಿನಲ್ಲಿ ಒಂದು ತಿರುವಿನ ಬಳಿ ಒಂಟಿ ಸಲಗ ರಸ್ತೆಗೆ ಬಂದಿದೆ. ಮುಂದಿನ ಗಾಡಿಗಳು ದಾಟಿ ಹೋಗಿದ್ದವು. ಹಿಂದಿನವು ರಿವರ್ಸ್ ತೆಗೆದುಕೊಂಡು ತಿರುವಿನಾಚೆ ಹೋದವು. ನಡುವೆ ಸಿಕ್ಕಿದವನು ನನ್ನ ತಮ್ಮ ಒಬ್ಬನೇ. ಒಂದು ಗಂಟೆಯ ಮೇಲೆ ಇವರು ಹಿಂದಿರುಗಿ ಹೋಗಿ ನೋಡಿದರೆ ಆನೆ ಇಲ್ಲ, ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲಿಲ್ಲ. ಬಿಸಿಲಿಗೆ ರಸ್ತೆಯೂ ಒಣಗಿತ್ತು. ತಮ್ಮ ಲಾರಿಯ ಕ್ಯಾನ್ವಾಸ್ ಹೊದಿಕೆಯ ಮೇಲೆ ಕೂತಿದ್ದ.

"ಆನೆ ಟ್ಯಾಂಕಿನ ಬೆಸುಗೆ ಕಿತ್ತು ಪೆಟ್ರೋಲ್ ಕುಡಿಯಿತು ಅನ್ನುತ್ತಾನೆ" ಎಂದರು ಸುಬೇದಾರರು. "ಆನೆ ಬಂದದ್ದು ನಿಜ, ಲದ್ದಿ ಇತ್ತು. ಪೆಟ್ರೋಲ್ ಕುಡಿದದ್ದಕ್ಕೆ ಸಾಕ್ಷಿ ಇವನ ಬಾಯಿ ಒಂದೇ. ಈ ಬಾಯಿ ಎಂಥದ್ದು ಅಂತ ದಳಕ್ಕೆಲ್ಲ ಗೊತ್ತು."

ಆ ಕಾಲದಲ್ಲಿ ಮಿಲಿಟರಿ ಪೆಟ್ರೋಲನ್ನು ದಾರಿಯಲ್ಲಿ ಮಾರಿಕೊಳ್ಳುವ ಡ್ರೈವರುಗಳು ಇದ್ದರು. ಸಿಕ್ಕಿಬಿದ್ದರೆ ಜೈಲು, ಆಮೇಲೆ ದಳದಿಂದ ಹೊರಗೆ. ಸುಬೇದಾರರು ನನ್ನನ್ನು ಲಾರಿಯ ಬಳಿ ಕರೆದೊಯ್ದು ಟ್ಯಾಂಕಿನ ತೂತು ತೋರಿಸಿದರು. ತೇಪೆಯ ಗುರುತೂ ಇರಲಿಲ್ಲ. ಅಂಚೆಲ್ಲ ಯಾರೋ ಒರೆಸಿಟ್ಟ ಹಾಗೆ ಶುಭ್ರವಾಗಿತ್ತು.

"ಉಳಿಯಿಂದ ಎಬ್ಬಿಸಿದ ಹಾಗಿದೆ. ನೀವು ಕಸುಬಿನವರು, ನೀವೇ ಹೇಳಿ. ನೀವು ಹಾಕಿದ ಬೆಸುಗೆಯನ್ನು ಆನೆ ಸೊಂಡಿಲಿನಿಂದ ಕಿತ್ತು ತೆಗೆಯುವುದಕ್ಕೆ ಆಗುತ್ತದಾ?"

ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ತಮ್ಮ ಮೇಲಿಂದ ನೋಡುತ್ತಿದ್ದ. ನಾನು ತೂತಿನೊಳಗೆ ಬೆರಳಿಟ್ಟುಕೊಂಡೇ ಹೇಳಿದೆ:

"ಇಲ್ಲ ಸ್ವಾಮಿ. ಸರಿಯಾಗಿ ಹಾಕಿದ ಬೆಸುಗೆ ಕಿತ್ತು ಬರಲ್ಲ."

ಅದು ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ನಾನು ಮಾಡಿದ ತಪ್ಪುಗಳಲ್ಲೆಲ್ಲ ದೊಡ್ಡದು ಆ ನಿಜವಾದ ಮಾತು. ತಮ್ಮ ಮುಖ ತಿರುಗಿಸಿ, ಎದುರಿನ ಮೆಣಸಿನಕಾಯಿ ಮಂಡಿಯ ಕಡೆ ನೋಡುತ್ತ ಕೂತ. ಸುಬೇದಾರರು ನನ್ನ ಮಾತನ್ನು ಚೀಟಿಯಲ್ಲಿ ಬರೆದುಕೊಂಡರು. ದಳ ನೀಲಗಿರಿಯಿಂದ ಮುಂದಿನ ಬುಧವಾರ ಹಿಂದಿರುಗುತ್ತದೆ, ಗುರುವಾರ ಕ್ಯಾಪ್ಟನ್ ವಿಚಾರಣೆ ನಡೆಸುತ್ತಾರೆ, ಅಲ್ಲಿಯವರೆಗೆ ಇವನು ಮೈದಾನದ ಕಾವಲು ಡೇರೆಯಲ್ಲಿ ಇರುತ್ತಾನೆ ಎಂದು ಹೇಳಿ ಹೋದರು.

ಆ ಒಂದು ವಾರ ನಾನು ಎಲ್ಲಿಯೂ ಕೂರಲಿಲ್ಲ. ಶೆಡ್ಡಿನಲ್ಲಿ ಕೈಗೆ ಸಿಕ್ಕಿದ ರೇಡಿಯೇಟರನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದೆ. ಮನೆಗೆ ಹೊರಟವನು ಲಷ್ಕರ್ ಮೊಹಲ್ಲಾದ ಗಲ್ಲಿಗಳನ್ನೆಲ್ಲ ಸುತ್ತಿ ಹೋಗುತ್ತಿದ್ದೆ. ಅವ್ವನಿಗೆ ಕೇಳಲು ಒಂದೇ ಪ್ರಶ್ನೆ ಇತ್ತು. "ಅವನು ಕದ್ದವ್ನೇ ಅಂತ ನಿಂಗೆ ಅನ್ನುಸ್ತದೇನೋ?" ಇಲ್ಲ ಎನ್ನುತ್ತಿದ್ದೆ. "ಅಂಗಾದ್ರೆ ಹೋಗಿ ಹೇಳೋ" ಎನ್ನುತ್ತಿದ್ದಳು. ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದೆ.

ಭಾನುವಾರ ಅವಳು ಕಟ್ಟಿಕೊಟ್ಟ ಮುದ್ದೆ, ಉಪ್ಸಾರು ತೆಗೆದುಕೊಂಡು ಮೈದಾನಕ್ಕೆ ಹೋದೆ. ಕಾವಲಿನವನು ಡೇರೆಯ ಹೊರಗೆ ಕೂತು ಮಾತಾಡಲು ಬಿಟ್ಟ. ತಮ್ಮ ಮುದ್ದೆ ಮುರಿಯುತ್ತ ಕತೆ ಹೇಳುವ ದನಿಯಲ್ಲೇ ಶುರು ಮಾಡಿದ. ಅವನಿಗೆ ಬೇರೆ ದನಿ ಬರುತ್ತಿರಲಿಲ್ಲ.

"ಮೊದ್ಲು ಬಾನೆಟ್ ಮೂಸ್ತು. ನಾನು ಮೇಲಕ್ಕೆ ಹತ್ಬುಟ್ಟೆ. ಆಮೇಲೆ ಸೀದಾ ಟ್ಯಾಂಕಿಗೆ ಬಂತು ಕಣಣ್ಣ, ಯಾರೋ ಅಡ್ರೆಸ್ ಕೊಟ್ಟಂಗೆ. ದಾರೀಲಿ ಕಲ್ಲು ತಗುಲಿ ಬಣ್ಣ ಎದ್ದಿತ್ತು ಅನ್ಸುತ್ತೆ. ಸೊಂಡಿಲ ತುದೀಲಿ ಕೆರೆದು ಬಾಯಿಗೆ ಇಟ್ಕೊತು. ಮತ್ತೆ ಕೆರೀತು. ಲಾರಿ ಅಂಗೇ ತೊಟ್ಲು ತೂಗ್ದಂಗೆ ತೂಗ್ತಿತ್ತು. ತೇಪೆ ಪೂರಾ ಬಂತು ನೋಡು, ಪೆಟ್ರೋಲು ಸುರ್ ಅಂತ ಸೊಂಡಿಲೊಳಕ್ಕೇ ಹೋಯ್ತು. ಅದು ಸೀನಿದ್ ಸೀನು! ಮರದ ಮೇಲಿದ್ ಮುಸುವೆಲ್ಲ ಉದುರೋದ್ವು. ಹಿಂದ್ ಹಿಂದಕ್ಕೇ ಓಡಿ ಬಿದ್ರು ಮೆಳೆ ಹೊಕ್ಬುಡ್ತು."

ನಾನು ನಕ್ಕೆ. ನಗು ಬಂದುಬಿಟ್ಟಿತು. ಅವನೂ ನಕ್ಕ. ಆಮೇಲೆ ತಟ್ಟೆ ನೋಡುತ್ತ, ಸಣ್ಣಗೆ ಹೇಳಿದ:

"ನಾನು ಇಳಿದು ಅಂಚು ಮುಟ್ಟಿ ನೋಡ್ದೆ. ಬೆರಳಿಗೆ ಅಂಟಂಟಾಯ್ತು. ನೆಕ್ಕಿ ನೋಡ್ದೆ."

ನಾನು ನನ್ನ ಬೆರಳುಗಳನ್ನು ಮಡಚಿಕೊಂಡೆ.

"ಸುಬೇದಾರ್ರಿಗೆ ಹೇಳಿಲ್ಲ. ಕಾರ್ಡಲ್ಲಿ ನಿನ್ ರುಜು ಐತೆ. ಮಿಲಿಟರಿ ಗಾಡಿಗೆ ಮೋಸ ಮಾಡ್ದ ಅಂತ ನಿನ್ನ ಎಳ್ಕೊಂಡೋದ್ರೆ ಅವ್ವನ್ನ ಯಾರು ನೋಡ್ತಾರೆ? ಅಂಚು ಅಂಟಾಗಿತ್ತಲ್ಲ, ಅವರು ಬರೋಕ್ ಮುಂಚೆ ಬಾಟ್ಲಿ ನೀರು ಹಾಕಿ ತೊಳೆದ್ಬುಟ್ಟೆ."

ಅಂಚು ಯಾಕೆ ಅಷ್ಟು ಶುಭ್ರವಾಗಿತ್ತು ಎಂಬುದು ಆಗ ತಿಳಿಯಿತು. ತನ್ನನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ಅವನು ಕುಡಿಯುವ ನೀರಿನಿಂದ ತೊಳೆದುಹಾಕಿದ್ದ.

"ಗುರುವಾರ ನೀನು ಆ ಮಾತು ಹೇಳ್ದಲ್ಲ" ಎಂದು ಶುರು ಮಾಡಿ ನಿಲ್ಲಿಸಿದ. ಬುತ್ತಿಯ ಪಾತ್ರೆ ಮುಚ್ಚಿ ನನ್ನ ಕೈಗಿಟ್ಟ. "ಅವ್ವಂಗೆ ಸಾರು ಚೆನ್ನಾಗಿತ್ತು ಅನ್ನು."

ಸೋಮವಾರ ಮೇಸ್ತ್ರಿಗೆ ಎಲ್ಲ ಹೇಳಿದೆ. ಅವರು ಬಗ್ಗಿ ನನ್ನ ಅರೆಯುವ ಕಲ್ಲನ್ನು ಮುಟ್ಟಿ ನೋಡಿದರು. "ಮೂರು ವರ್ಷ ನಾನು ಬೆಲ್ಲದ ಮೇಲೆ ಹೆಸ್ರು ಮಾಡ್ಕೊಂಡಿದ್ದೀನಿ ಅನ್ನು" ಎಂದರು. ಆಮೇಲೆ, "ಬಾಯಿ ಮುಚ್ಕೊಂಡಿರು. ಅಲ್ಲಿ ಹೋಗಿ ಬಾಯಿ ಬಿಟ್ರೆ ನನ್ ಶೆಡ್ಡಿಗೆ ಕಾಲಿಡ್ಬೇಡ" ಎಂದು ಒಳಗೆ ಹೋದರು.

ಬಾಯಿ ಬಿಟ್ಟರೂ ನಂಬುತ್ತಾರೆಯೇ ಎಂಬ ಚಿಂತೆ ನನ್ನನ್ನು ಮತ್ತೆರಡು ದಿನ ಅಲೆಸಿತು. ತಮ್ಮನನ್ನು ಉಳಿಸಲು ಅಣ್ಣ ಕತೆ ಕಟ್ಟಿದ ಎನ್ನುತ್ತಾರೆ. ಕತೆ ಕಟ್ಟುವುದು ಮನೆತನದ್ದೇ ಗುಣ ಎನ್ನುತ್ತಾರೆ. ಬುಧವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಮುದುಕಿ ಆನೆ ಬಂತು, ಸೊಂಡಿಲು ಚಾಚಿತು. ಕಲ್ಲು ಒಣಗಿತ್ತು, ವಾರದಿಂದ ನಾನು ಅರೆದಿರಲಿಲ್ಲ. ಅದು ಕಲ್ಲನ್ನು ಬಿಟ್ಟು ಸೊಂಡಿಲಿನ ತುದಿಯಿಂದ ನನ್ನ ಅಂಗೈ ತಡಕಿತು. ಕೈ ಹಿಂದೆಗೆದುಕೊಳ್ಳಲು ಆಗಲಿಲ್ಲ.

"ನಾಳೆ ಸೊಪ್ಪಿಗೆ ಹೋಗೋ ದಾರಿ ಸ್ವಲ್ಪ ಬದಲಾಯಿಸ್ತೀಯಾ?" ಎಂದು ಮಾವುತನನ್ನು ಕೇಳಿದೆ.

ವಿಷಯವೆಲ್ಲ ಕೇಳಿ ಅವನು, "ಕೋರ್ಟಿಗೆ ಸಾಕ್ಷಿ ಹೇಳಕ್ಕೆ ಕರೀತಿದೀರಾ ಇವಳನ್ನ? ಕುಂಕುಮ ಇಟ್ಟು ಕರ್ಕೊಂಡ್ ಬರ್ತೀನಿ" ಎಂದ.

ಗುರುವಾರ ಒಂಬತ್ತಕ್ಕೆ ಮೈದಾನದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಬೇವಿನ ಮರದಡಿ ಒಂದು ಮೇಜು, ಮೇಜಿನ ಹಿಂದೆ ಕ್ಯಾಪ್ಟನ್, ಪಕ್ಕದಲ್ಲಿ ಸುಬೇದಾರರು, ಎದುರಿಗೆ ಟೋಪಿಯಿಲ್ಲದ ನನ್ನ ತಮ್ಮ. ನಾನು ಹೋಗಿ ನಿಂತು ಒಂದೇ ಉಸಿರಿಗೆ ಹೇಳಿದೆ. ಬೆಸುಗೆ ಹಾಕಲಿಲ್ಲ, ಬೆಲ್ಲ ಮೆತ್ತಿದೆ, ಬೆಂಕಿಗೆ ಹೆದರಿದೆ, ಆ ದಿನ ಕೇಳಿದಾಗ ಮುಚ್ಚಿಟ್ಟೆ. ಸುಬೇದಾರರು ಅದನ್ನು ಕ್ಯಾಪ್ಟನ್ನಿಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಕ್ಯಾಪ್ಟನ್ ಮೊದಲು ನನ್ನನ್ನು, ಆಮೇಲೆ ನನ್ನ ಹಿಂದೆ ಮೈದಾನಕ್ಕೆ ಬರುತ್ತಿದ್ದ ಆನೆಯನ್ನು ನೋಡಿದರು. ಪೆನ್ನು ಕೆಳಗಿಟ್ಟರು.

ನಾನು ಹಳೆಯ ಟ್ಯಾಂಕಿನ ಒಂದು ತಗಡಿಗೆ ತೇಪೆ ಹಾಕಿ, ಒಣಗಿಸಿ, ಬಣ್ಣ ಬಳಿದು ತಂದಿದ್ದೆ. ಕಲ್ಲು ತಗುಲಿದ ಹಾಗೆ ಒಂದು ಕಡೆ ಬಣ್ಣ ಕೆರೆದು ನೆಲದ ಮೇಲಿಟ್ಟೆ. ಆನೆ ಮೂಸಿತು. ಸೊಂಡಿಲ ತುದಿಯಿಂದ ಎರಡು ಸಲ ಕೆರೆಯಿತು. ಮೂರನೆಯ ಸಲಕ್ಕೆ ಬಟ್ಟೆ ಸಮೇತ ತೇಪೆ ಎದ್ದು ಬಂತು, ಬಾಯಿಗೆ ಹೋಯಿತು. ಇಪ್ಪತ್ತು ಎಣಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಸಿಪಾಯಿಗಳು ಹೋ ಎಂದರು. ಕ್ಯಾಪ್ಟನ್ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುದುಕಿಗೆ ಮುಗಿದಿರಲಿಲ್ಲ. ಅದು ಸೊಂಡಿಲು ಎತ್ತಿ ಗಾಳಿ ನೋಡಿ, ನಿಂತ ಗಾಡಿಗಳ ಸಾಲಿನ ಕಡೆ ನಡೆಯಿತು. ಮಾವುತ ಅಂಕುಶ ಒತ್ತಿದರೂ ಕೇಳಲಿಲ್ಲ. ಮೊದಲ ಲಾರಿ, ಎರಡನೆಯದು, ಮೂರನೆಯದು, ತಪಾಸಣೆಗೆ ಬಂದ ಜನರಲ್ ಸಾಹೇಬರ ಹಾಗೆ ಒಂದೊಂದರ ಟ್ಯಾಂಕನ್ನೂ ಮೂಸುತ್ತ ಹೋಯಿತು. ಆರನೆಯದರ ಹತ್ತಿರ ನಿಂತು ಕೆರೆಯತೊಡಗಿತು. ಅದು ನಾನು ಮಾಡಿದ್ದು. ಅದನ್ನು ಅಲ್ಲಿಂದ ಎಳೆದರೆ ಒಂಬತ್ತನೆಯದಕ್ಕೆ ಹೋಯಿತು. ಅದೂ ನಾನು ಮಾಡಿದ್ದು.

ಸುಬೇದಾರರು ನನ್ನ ಪಕ್ಕಕ್ಕೆ ಬಂದರು. "ಇನ್ನೆಷ್ಟು ಇವೆ?" ಎಂದರು. "ನೀವು ಹೇಳುತ್ತೀರೋ, ಆನೆಯನ್ನೇ ಕೇಳಬೇಕೋ?"

ಸುತ್ತ ಎಲ್ಲರೂ ನಗುತ್ತಿದ್ದರು. ನನ್ನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ನಾನು ತಪ್ಪೊಪ್ಪಿಕೊಳ್ಳಲು ಬಂದಿದ್ದೆ, ಆದರೆ ಒಂದು ಟ್ಯಾಂಕಿನ ತಪ್ಪನ್ನು ಮಾತ್ರ. ಉಳಿದ ಮೂರು ಲಾರಿಗಳು ಅದೇ ಕಾಡಿನಲ್ಲಿ ಹೋಗಿ, ಅದೇ ಕಾಡಿನಲ್ಲಿ ವಾಪಸ್ಸು ಬಂದಿದ್ದವು. ಅವುಗಳ ಡ್ರೈವರುಗಳು ಈ ಜನರ ನಡುವೆಯೇ ನಿಂತಿದ್ದರು. ಅವರ ವಿಷಯ ನನ್ನ ಬಾಯಿಗೆ ಬಂದಿರಲಿಲ್ಲ. "ಇವೆರಡೂ ಸೇರಿ ಮೂರು" ಎಂದೆ. "ಕೊನೆಯದು ಆ ತುದಿಯದ್ದು."

ಕ್ಯಾಪ್ಟನ್ ತಮ್ಮನಿಗೆ ಬೆಲ್ಟು, ಟೋಪಿ ಕೊಡಿಸಿದರು. ನನಗೆ ಶಿಕ್ಷೆ ಬರೆಯಲಿಲ್ಲ. ನಾಲ್ಕು ಟ್ಯಾಂಕಿಗೂ ಇಲ್ಲೇ, ದಳದ ಕಣ್ಣೆದುರಿಗೇ, ಸರಿಯಾದ ಬೆಸುಗೆ ಹಾಕಿ ಹೋಗಬೇಕು ಎಂದರು.

ಅಡುಗೆ ಡೇರೆಯಿಂದ ಹಂಡೆಗಳು ಬಂದವು. ಶೆಡ್ಡಿಗೆ ಹೋಗಿ ಕೋಲು, ಸೀಸ, ತೇಜಾಬು ತಂದೆ. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ಮೊದಲ ಟ್ಯಾಂಕನ್ನು ಮೂರು ಸಲ ಕುದಿಸಿದೆ. ನಾಲ್ಕನೆಯ ಸಲವೂ ಕುದಿಸಿದೆ. ಬಿಸಿಲಿಗಿಟ್ಟು ಮೂಸಿದೆ, ಮತ್ತೆ ಮೂಸಿದೆ. ನೀರು ತುಂಬಿದೆ. ಕೋಲು ಕೆಂಪಗಾಯಿತು, ಆರಲು ಬಿಟ್ಟೆ. ಮತ್ತೆ ಕಾಯಿಸಿದೆ. ಎತ್ತಿಕೊಂಡು ಬಂದು ಮೂರು ಹೆಜ್ಜೆ ದೂರದಲ್ಲಿ ನಿಂತೆ. ಈಗ ಯಾರೂ ನಗುತ್ತಿರಲಿಲ್ಲ.

ತಮ್ಮ ಬಂದು ಟ್ಯಾಂಕಿನ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಮೊದಲಿನ ಹಾಗೆಯೇ ಎರಡು ಕೈಯಿಂದ ಅದನ್ನು ಹಿಡಿದ. ಅವನ ಮುಖ ತೂತಿಗೆ ಒಂದು ಮೊಳ ದೂರದಲ್ಲಿತ್ತು.

"ಆ ಕಡೆ ಹೋಗು" ಎಂದೆ.

"ಅಲುಗ್ತದೆ. ನೀನು ಹಾಕು."

"ಹೋಗೋ."

"ನಾಲ್ಕು ಸಲ ಕುದ್ಸಿದ್ದೀಯ. ಹಾಕಣ್ಣ."

ಹಾಕಿದೆ. ಸೀಸ ಕರಗಿ ತಗಡಿನ ಮೇಲೆ ಹರಿದು ತೂತಿನ ಸುತ್ತ ಬೆಳ್ಳಗೆ ನಿಂತಿತು. ಏನೂ ಆಗಲಿಲ್ಲ. ಕ್ರಮದಲ್ಲಿ ಮಾಡಿದರೆ ಏನೂ ಆಗುವುದಿಲ್ಲ. ಶುಕ್ರವಾರ ಪೂರ್ತಿ, ಶನಿವಾರ ಮಧ್ಯಾಹ್ನದವರೆಗೆ ಉಳಿದ ಮೂರು ಮುಗಿದವು. ಅಷ್ಟು ಹೊತ್ತೂ ಅವನು ಹಿಡಿದೇ ಇದ್ದ. ಕೆಲಸದ ಮಾತು ಬಿಟ್ಟು ಬೇರೆ ಮಾತು ನಾವು ಆಡಲಿಲ್ಲ. ಲಾಗ್‌ಬುಕ್ಕಿನಲ್ಲಿ ಏನು ಬರೆದರು ಎಂದು ಹೊರಡುವಾಗ ಸುಬೇದಾರರನ್ನು ಕೇಳಿದೆ. "ಎಂಜಿನ್ ತೊಂದರೆ" ಎಂದರು.

ಮಂಡಿ ಮೊಹಲ್ಲಾದಲ್ಲಿ ನನಗೆ ಮತ್ತೆ ಕೆಲಸ ಸಿಗಲಿಲ್ಲ. ಕುಂಬಾರಕೊಪ್ಪಲಿನಲ್ಲಿ ಮನೆಯ ಮುಂದೆಯೇ ಒಲೆ ಹೂಡಿ ಕೊಡ, ಹಂಡೆಗಳಿಗೆ ಬೆಸುಗೆ ಹಾಕುತ್ತ ಕಾಲ ಕಳೆದೆ. ತಮ್ಮ ಪೂರ್ತಿ ಸರ್ವಿಸ್ ಮುಗಿಸಿ, ಪಿಂಚಣಿ ಪಡೆದು ಊರಿಗೆ ಬಂದ. ಪಕ್ಕದ ಬೀದಿಯಲ್ಲೇ ಮನೆ. ಹಬ್ಬಕ್ಕೆ ಕರೆಯುತ್ತಾನೆ, ನನ್ನ ತಟ್ಟೆಗೆ ತಾನೇ ಬಡಿಸುತ್ತಾನೆ. ಆ ಗುರುವಾರದ ನನ್ನ ಮಾತನ್ನು ಅವನು ಇಷ್ಟು ವರ್ಷದಲ್ಲಿ ಒಂದು ಸಲವೂ ಎತ್ತಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಅವನ ಜಗಲಿಯಲ್ಲಿ ಈಗಲೂ ಸಂಜೆ ಜನ ಸೇರುತ್ತಾರೆ. ನವಿಲಿಗೆ ಈಗ ಮೂರು ಜೀಪಿನ ಲೈಟು ಒಡೆದ ಖ್ಯಾತಿ ಬಂದಿದೆ. ಕರಡಿ ನಂಬರಿನ ಜೊತೆ ರ‍್ಯಾಂಕೂ ಹೇಳುತ್ತದೆ. ಹೋದ ವಾರ ಅವನ ಮೊಮ್ಮಗಳು ಕೇಳಿದಳು, "ತಾತ, ಅಷ್ಟ್ ಸಲ ಬಂಡೀಪುರದಲ್ಲಿ ಹೋಗಿದ್ದೀಯ, ಆನೆ ಅಡ್ಡ ಬರ್ಲೇ ಇಲ್ವಾ?"

ನಾನು ಮೂಲೆಯಲ್ಲಿ ಕೂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ:

"ಇಲ್ಲ ಕಣಮ್ಮ. ಆನೆ ಮಾತ್ರ ಯಾವತ್ತೂ ಬರ್ಲಿಲ್ಲ."

ಬಂದಿತ್ತು. ಕರೆದವನು ನಾನು.